ಗೋಡೆಯ ಮುಂದೆ ಉಗ್ಗು ಬರುವುದಿಲ್ಲ

(ಉಗ್ಗು ಇರುವವರು ಸಭೆಯಲ್ಲಿ ಮಾತನಾಡುವ ಅಭ್ಯಾಸ ಮಾಡುವ ಬಗೆಯನ್ನು ಕುರಿತ ಉಪನ್ಯಾಸದ ಬರಹ ರೂಪ)

ಉಗ್ಗು ಇರುವವರಿಗೆ ನಮ್ಮ ಊರುಗಳಲ್ಲಿ ಮೂರು ಸಲಹೆಗಳು ತಪ್ಪದೆ ಸಿಗುತ್ತವೆ. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿ ಅನ್ನುವುದು ಒಂದು. ಬಾಯಲ್ಲಿ ಸಣ್ಣ ಕಲ್ಲು ಇಟ್ಟುಕೊಂಡು ಮಾತಾಡಿ ಅನ್ನುವುದು ಇನ್ನೊಂದು. ಪ್ರಾಚೀನ ಗ್ರೀಸಿನ ವಾಗ್ಮಿ ಡೆಮಾಸ್ತನೀಸನ ಕಥೆ ಇದು. ಮೂರನೆಯದು, ದಿನಾ ಕನ್ನಡಿ ಮುಂದೆ ನಿಂತು ಅರ್ಧ ಗಂಟೆ ಭಾಷಣ ಮಾಡಿ, ಧೈರ್ಯ ತಾನಾಗಿ ಬರುತ್ತೆ ಅನ್ನುವುದು. ಮೊದಲ ಎರಡನ್ನು ಈಗ ನಂಬುವವರು ಕಡಿಮೆ. ಮೂರನೆಯದನ್ನು ಓದಿದವರೂ ನಂಬುತ್ತಾರೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಒಬ್ಬರೇ ಕನ್ನಡಿ ಮುಂದೆ ನಿಂತಾಗ ಉಗ್ಗು ಹೆಚ್ಚುಕಡಿಮೆ ಬರುವುದೇ ಇಲ್ಲ. ತೊಂದರೆ ಇರುವುದೂ ಅಲ್ಲೇ. 2021ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಉಗ್ಗು ಇರುವ 24 ವಯಸ್ಕರ ಮಾತನ್ನು ಬೇರೆ ಬೇರೆ ಸಂದರ್ಭಗಳಲ್ಲಿ ದಾಖಲಿಸಿಕೊಂಡರು. ತನ್ನ ಮಾತು ಯಾರ ಕಿವಿಗೂ ಬೀಳುತ್ತಿಲ್ಲ ಎಂದು ಖಾತ್ರಿಯಾದಾಗ ಅವರ ಮಾತಿನಲ್ಲಿ ಉಗ್ಗು ಹೆಚ್ಚುಕಡಿಮೆ ಮಾಯವಾಗಿತ್ತು. ಹಾಡುವಾಗ ಬರುವುದಿಲ್ಲ, ಹತ್ತು ಜನರ ಜತೆ ದನಿಗೂಡಿಸಿ ಪ್ರಾರ್ಥನೆ ಹೇಳುವಾಗ ಬರುವುದಿಲ್ಲ ಎಂಬುದು ನಿಮಗೇ ಗೊತ್ತು. ಕೇಳುವವರು ಇದ್ದಾಗ ಮಾತ್ರ ಬರುವ ತೊಂದರೆಯನ್ನು ಕೇಳುವವರಿಲ್ಲದ ಕಡೆ ಅಭ್ಯಾಸ ಮಾಡಿದರೆ, ಈಜನ್ನು ನಡುಮನೆಯಲ್ಲಿ ಕಲಿತ ಹಾಗಾಯಿತು.

ಇದರ ಜತೆಗೆ ಇನ್ನೊಂದು ಮೋಸವಿದೆ. ಉಗ್ಗು ಇರುವವರು ಒಂದೇ ಪರಿಚ್ಛೇದವನ್ನು ಬೆನ್ನುಬೆನ್ನಿಗೆ ಐದು ಸಲ ಗಟ್ಟಿಯಾಗಿ ಓದಿದರೆ ಐದನೇ ಸಲಕ್ಕೆ ಉಗ್ಗು ಸರಾಸರಿ ಅರ್ಧದಷ್ಟು ಇಳಿದಿರುತ್ತದೆ. 1930ರ ದಶಕದಿಂದಲೂ ಅಳೆದು ನೋಡಿರುವ ಸಂಗತಿ ಇದು. ಆದರೆ ಈ ಇಳಿತ ತಾತ್ಕಾಲಿಕ. ಸ್ವಲ್ಪ ಹೊತ್ತು ಬಿಟ್ಟು ಓದಿದರೆ, ಅಥವಾ ಎದುರಿಗಿರುವ ಜನ ಬದಲಾದರೆ, ಹೋದದ್ದು ವಾಪಸ್ ಬರುತ್ತದೆ. ಹಿಂದಿನ ರಾತ್ರಿ ಮೂವತ್ತು ಸಲ ಒಪ್ಪಿಸಿ, ಮೂವತ್ತನೇ ಸಲಕ್ಕೆ ನೀರು ಕುಡಿದಷ್ಟು ಸಲೀಸಾಗಿದ್ದ ಭಾಷಣ ಮರುದಿನ ಮೈಕಿನ ಮುಂದೆ ಮೊದಲ ವಾಕ್ಯದಲ್ಲೇ ನಿಂತುಹೋಗುವುದು ಹೀಗೆ. ನಿಂತವರು ‘ನನ್ನ ಅಭ್ಯಾಸ ಸಾಲಲಿಲ್ಲ’ ಅಂದುಕೊಂಡು ಮುಂದಿನ ಸಲ ಅರವತ್ತು ಸಲ ಒಪ್ಪಿಸುತ್ತಾರೆ.

ತೊದಲು ಅನ್ನುವ ಪದ ಬಿಟ್ಟು ಉಗ್ಗು ಅನ್ನುತ್ತಿರುವುದೇಕೆ ಎಂದರೆ, ತೊದಲು ಮಗುವಿನದೂ ಆಗಬಹುದು, ಕುಡಿದವನದೂ ಆಗಬಹುದು. ಉಗ್ಗಿಗೆ ಮೂರು ರೂಪ. ಮರುಕಳಿಸುವುದು: ಕ-ಕ-ಕಡ್ಲೆ. ಎಳೆಯುವುದು: ಸ್ಸ್ಸ್ಸಾಗರ. ಮೂರನೆಯದು ಪೂರ್ತಿ ಕಟ್ಟಿಕೊಳ್ಳುವುದು: ಬಾಯಿ ಸಿದ್ಧ, ದನಿ ಮಾತ್ರ ಇಲ್ಲ. ಇದನ್ನು ಬ್ಲಾಕ್ ಅನ್ನುತ್ತಾರೆ. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ, ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಳಿಯುತ್ತದೆ, ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ನಾಲ್ಕು ಪಟ್ಟು. ಇದು ಹೆದರಿಕೆಯಿಂದ ಹುಟ್ಟುವುದಿಲ್ಲ. ಮಾತಿನ ಚಲನೆಗಳನ್ನು ಮಿದುಳು ಹೊಂದಿಸುವ ರೀತಿಯಲ್ಲಿರುವ ವ್ಯತ್ಯಾಸ, ವಂಶವಾಹಿಯ ಪಾಲೂ ಇದೆ. ಹೆದರಿಕೆ ಆಮೇಲೆ ಅದರ ಮೇಲೆ ಕೂರುತ್ತದೆ. ಸಭೆಯ ಅಭ್ಯಾಸ ಮುಟ್ಟುವುದು ಹೀಗೆ ಆಮೇಲೆ ಕೂತದ್ದನ್ನು. ಉಗ್ಗು ವಾಸಿಯಾಗುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹಾಗೆ ಕೂತದ್ದರಲ್ಲಿ ಮುಖ್ಯವಾದದ್ದು ತಪ್ಪಿಸಿಕೊಳ್ಳುವ ಚಾಳಿ. ಅಮೆರಿಕದ ಮನೋವಿಜ್ಞಾನಿ ಜೋಸೆಫ್ ಶೀಹನ್ ಉಗ್ಗನ್ನು ಸಮುದ್ರದಲ್ಲಿ ತೇಲುವ ನೀರ್ಗಲ್ಲಿಗೆ ಹೋಲಿಸಿದ್ದು ಇದಕ್ಕೇ. ಕಿವಿಗೆ ಬೀಳುವುದು ಮೇಲಿನ ತುದಿ, ಕೆಳಗಿರುವುದು ನಾಚಿಕೆ, ಭಯ, ನುಣುಚಿಕೊಳ್ಳುವ ಸಾವಿರ ಉಪಾಯ. ನುಣುಚಿಕೊಳ್ಳಲು ಕನ್ನಡ ತುಂಬ ಅನುಕೂಲದ ಭಾಷೆ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ನಮ್ಮ ವಾಕ್ಯದಲ್ಲಿ ಪದಗಳನ್ನು ಹಿಂದೆಮುಂದೆ ಮಾಡಬಹುದು. ‘ಪುಸ್ತಕ ನಾಳೆ ಕೊಡ್ತೀನಿ’ ಅನ್ನಲು ಹೊರಟು ‘ಪು’ ಕಟ್ಟುವ ಸುಳಿವು ಸಿಕ್ಕಿದರೆ ‘ನಾಳೆ ಕೊಡ್ತೀನಿ, ಬುಕ್ಕು’ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಇಂಗ್ಲಿಷ್ ಪದ ಸದಾ ಕೈಗೆ ಸಿಗುವ ಹಾಗಿರುತ್ತದೆ. ‘ಏನಪ್ಪಾ ಅಂದ್ರೆ’, ‘ಅದು ಹೇಗೆ ಅಂದ್ರೆ’ ಎಂಬ ಊರುಗೋಲುಗಳು ಬೇರೆ. ಬಸ್ಸಿನಲ್ಲಿ ‘ಬನಶಂಕರಿ’ ಬಾಯಿಗೆ ಬಾರದೆ ಮುಂದಿನ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡು, ನಾಲ್ಕು ಕಾಸು ಹೆಚ್ಚು ಕೊಟ್ಟು, ಬನಶಂಕರಿಯಲ್ಲೇ ಇಳಿದುಹೋಗುವವರು ಎಷ್ಟೋ ಜನ. ಪಕ್ಕದಲ್ಲಿ ಕೂತವರಿಗೆ ಇವರಿಗೆ ಉಗ್ಗು ಇದೆ ಎಂದೇ ಗೊತ್ತಾಗಿರುವುದಿಲ್ಲ. ಬದಲಿಸಲಾಗದ್ದು ಒಂದೇ, ತನ್ನ ಹೆಸರು. ಹಾಗಾಗಿ ಬಹಳ ಮಂದಿಗೆ ಅತಿ ಗಟ್ಟಿ ಬ್ಲಾಕ್ ಬರುವುದು ಅಲ್ಲೇ.

ಅಭ್ಯಾಸದ ಮೊದಲ ಕೆಲಸ ಒಂದು ಹಾಳೆಯಲ್ಲಿ ಏಣಿ ಬರೆಯುವುದು. ಹತ್ತು ಸಂದರ್ಭ ಬರೆದು ಪ್ರತಿಯೊಂದಕ್ಕೂ ಭಯದ ಅಂಕ ಕೊಡಿ, ಸೊನ್ನೆಯಿಂದ ನೂರು. ಕಿರಾಣಿ ಅಂಗಡಿಯಲ್ಲಿ ಬೆಲೆ ಕೇಳುವುದು 20 ಇರಬಹುದು, ಫೋನ್ ಮಾಡಿ ರೈಲಿನ ವೇಳೆ ವಿಚಾರಿಸುವುದು 45, ಆಫೀಸಿನ ಮೀಟಿಂಗಿನಲ್ಲಿ ಸುತ್ತಲೂ ಒಬ್ಬೊಬ್ಬರಾಗಿ ಪರಿಚಯ ಹೇಳಿಕೊಳ್ಳುವುದು 80, ರಾಜ್ಯೋತ್ಸವದ ವೇದಿಕೆ 95. ಸುಮಾರು 30 ಅಂಕದ ಮೆಟ್ಟಿಲಿನಿಂದ ಹತ್ತಲು ಶುರು ಮಾಡಿ. ಒಂದು ಮೆಟ್ಟಿಲಿನ ಅಂಕ ಅರ್ಧಕ್ಕೆ ಇಳಿಯುವ ತನಕ ಮುಂದಿನದಕ್ಕೆ ಹೋಗಬಾರದು. ಇದಕ್ಕೆ ನಾಲ್ಕೈದು ಸಲವಾದರೂ ಬೇಕು, ಅದೂ ಒಂದೆರಡು ವಾರದೊಳಗೆ. ತಿಂಗಳಿಗೊಂದು ಸಲ ಮಾಡಿದರೆ ಪ್ರತಿ ಸಲವೂ ಮೊದಲ ಸಲವೇ ಆಗುತ್ತದೆ. ಜನ ಮಾಡುವ ತಪ್ಪು ಒಂದೇ ಸಲಕ್ಕೆ 95ಕ್ಕೆ ಹಾರುವುದು. ಗೆಳೆಯರು ಹುರಿದುಂಬಿಸಿ ವೇದಿಕೆ ಹತ್ತಿಸುತ್ತಾರೆ, ಮಾತು ಕಟ್ಟುತ್ತದೆ, ಎರಡನೇ ನಿಮಿಷಕ್ಕೆ ‘ಧನ್ಯವಾದ’ ಹೇಳಿ ಇಳಿದುಬಿಡುತ್ತಾರೆ. ಇಳಿದ ಕ್ಷಣ ಎದೆ ಹಗುರಾಗುತ್ತದಲ್ಲ, ಓಡಿಹೋದರೆ ಸುಖ ಎಂಬ ಪಾಠವನ್ನು ಮೈ ಆಗಲೇ ಕಲಿತುಬಿಡುತ್ತದೆ. ಅದಕ್ಕೇ ಚಿಕ್ಕ ಮೆಟ್ಟಿಲಾದರೂ ಸರಿ, ಹತ್ತಿದ ಮೇಲೆ ಕೊನೆಯ ತನಕ ನಿಲ್ಲಬೇಕು.

ಕೇಳುವವರನ್ನು ಎಲ್ಲಿಂದ ತರುವುದು? ಉಗ್ಗು ಇರುವವರೇ ನಡೆಸುವ ಸ್ವಸಹಾಯ ಗುಂಪುಗಳಿವೆ. ದ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್, ಅಂದರೆ ಟೀಸಾ, ಇಂಥವನ್ನು ನಡೆಸುತ್ತದೆ. ಮೊದಲ ಮೆಟ್ಟಿಲುಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಅಲ್ಲಿ ಎಲ್ಲರೂ ಉಗ್ಗುವವರೇ ಆದ್ದರಿಂದ ಭಯ ಬೇಗ ಇಳಿಯುತ್ತದೆ, ಹೊರಗೆ ಬಂದರೆ ಮತ್ತೆ ಏರುತ್ತದೆ. ಆಗ ಭಾಷಣ ಅಭ್ಯಾಸ ಮಾಡಲೆಂದೇ ಜನ ಸೇರುವ ಟೋಸ್ಟ್‌ಮಾಸ್ಟರ್ಸ್ ಥರದ ಕ್ಲಬ್ ಬೇಕಾಗುತ್ತದೆ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ ಈ ಪದ್ಧತಿ ಉಗ್ಗಿಗೆಂದು ಹುಟ್ಟಿದ್ದಲ್ಲ, ಆದರೂ ಏಣಿಗೆ ಚೆನ್ನಾಗಿ ಹೊಂದುತ್ತದೆ: ಅವೇ ಮುಖಗಳು, ನಿಗದಿಯಾದ ದಿನ, ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ಪಾತ್ರಗಳು. 18 ತುಂಬಿದವರಿಗೆ ಮಾತ್ರ ಸದಸ್ಯತ್ವ. ಮೊದಲು ಟೈಮರ್ ಕೆಲಸ ಕೇಳಿ. ಯಾರು ಎಷ್ಟು ನಿಮಿಷ ಮಾತಾಡಿದರು ಎಂಬ ನಾಲ್ಕೈದು ವಾಕ್ಯದ ವರದಿ. ಆಮೇಲೆ ಟೇಬಲ್ ಟಾಪಿಕ್ಸ್, ಅಂದರೆ ಅಲ್ಲೇ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ. ಆಮೇಲೆ 4ರಿಂದ 6 ನಿಮಿಷದ ಪರಿಚಯ ಭಾಷಣ, ಅದಾದ ಮೇಲೆ 5ರಿಂದ 7 ನಿಮಿಷದವು. ಸಿದ್ಧತೆಯಿಲ್ಲದ ಮಾತು ಕಷ್ಟ ಎಂದು ಹೊರಗಿನವರು ಭಾವಿಸುತ್ತಾರೆ. ಉಗ್ಗುವವರಲ್ಲಿ ಎಷ್ಟೋ ಮಂದಿಗೆ ಅದೇ ಸುಲಭ, ಯಾಕೆಂದರೆ ಕಾಯುವ ಹೊತ್ತು ಕಡಿಮೆ. ಸರದಿ ಹತ್ತಿರವಾದಂತೆ ಗಂಟಲು ಬಿಗಿಯುತ್ತದೆ. ಸುತ್ತು ಪರಿಚಯ ಇದ್ದಲ್ಲಿ ಕೈಯೆತ್ತಿ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕ್ಲಬ್ಬಿನಲ್ಲಿ ಎರಡು ವಿಷಯ ಮೊದಲೇ ಮಾತಾಡಿಕೊಳ್ಳಬೇಕು. ಅಲ್ಲಿ ‘ಆ’, ‘ಮ್’ಗಳನ್ನು ಎಣಿಸುವ ಆ-ಕೌಂಟರ್ ಇರುತ್ತಾರೆ. ಉಗ್ಗನ್ನು ಅವರ ಲೆಕ್ಕಕ್ಕೆ ಹಿಡಿಯಬಾರದೆಂದು ಹೇಳಿ. ‘ಏನಪ್ಪಾ ಅಂದ್ರೆ’ಯನ್ನು ಬೇಕಾದರೆ ಎಣಿಸಲಿ, ಅದರಿಂದ ಉಪಕಾರವೇ. ಇನ್ನೊಂದು ಎಷ್ಟು ಹೊತ್ತಾಯಿತೆಂದು ತೋರಿಸುವ ಹಸಿರು, ಹಳದಿ, ಕೆಂಪು ದೀಪ. ಹೊತ್ತು ಮೀರುತ್ತಿದೆ ಅನ್ನುವ ಒತ್ತಡ ಬಂತೆಂದರೆ ಉಗ್ಗು ಹೆಚ್ಚಾಗುತ್ತದೆ. 5ರಿಂದ 7 ನಿಮಿಷದ ಭಾಷಣಕ್ಕೆ ಐದೇ ನಿಮಿಷದ ಸರಕು ಇಟ್ಟುಕೊಳ್ಳಿ. ಉಳಿದ ಎರಡು ನಿಮಿಷ ಬ್ಲಾಕುಗಳ ಪಾಲು. ಕ್ಲಬ್ ಇಲ್ಲದ ಊರಿನಲ್ಲಿ ಆರು ಜನ ಸಾಕು, ವಾರಕ್ಕೊಮ್ಮೆ ಯಾರದೋ ಮನೆಯ ಜಗಲಿ ಸಾಕು. ಆದರೆ ಆರೂ ಜನ ನೆಂಟರಾಗಿರಬಾರದು.

ಈಗ ನಮ್ಮ ವೇದಿಕೆಗಳಿಗೇ ವಿಶೇಷವಾದ ಒಂದು ಕಂಟಕ. ‘ವೇದಿಕೆಯ ಮೇಲೆ ಆಸೀನರಾಗಿರುವ ಸನ್ಮಾನ್ಯ ಅಧ್ಯಕ್ಷರಾದ ಶ್ರೀಯುತ...’ ಎಂದು ಶುರುವಾಗುವ ಸಾಲು. ಉಗ್ಗು ಇರುವವರನ್ನು ಕಾಡಲೆಂದೇ ಯಾರೋ ಕೂತು ಬರೆದಂತಿದೆ. ಒತ್ತಡ ಅತಿ ಹೆಚ್ಚಿರುವ ಮೊದಲ ಅರ್ಧ ನಿಮಿಷದಲ್ಲೇ ಬದಲಿಸಲಾಗದ ಹೆಸರುಗಳ ಸಾಲು, ಹೆಸರಿನವರು ಪಕ್ಕದಲ್ಲೇ ಕೂತು ನೋಡುತ್ತಿರುತ್ತಾರೆ. ‘ಎಲ್ಲ ಗಣ್ಯರಿಗೂ ನಮಸ್ಕಾರ’ ಅಂದರೆ ಶಿಷ್ಟಾಚಾರಕ್ಕೆ ಕೊರತೆಯಿಲ್ಲ. ಆದರೆ ಹೆಸರಿಗೆ ಹೆದರಿ ಹಾಗಂದರೆ ಅದು ಮತ್ತೆ ಬನಶಂಕರಿ ಟಿಕೆಟ್ಟೇ. ಮೊದಲು ನಿಮ್ಮದೇ ಎರಡು ಸಾದಾ ವಾಕ್ಯ ಹೇಳಿ, ಆಮೇಲೆ ಹೆಸರುಗಳಿಗೆ ಬನ್ನಿ. ಎಲ್ಲವನ್ನೂ ಹೇಳಬೇಕಿಲ್ಲ, ಅತಿ ಕಷ್ಟದ ಒಂದನ್ನಾದರೂ ಬಿಡಬೇಡಿ. ಅಭ್ಯಾಸಕ್ಕೆ ವಂದನಾರ್ಪಣೆ ಇನ್ನೂ ಒಳ್ಳೆಯದು. ಹೆಸರುಗಳು ಸಾಕಷ್ಟು, ಎರಡು ನಿಮಿಷದ ಕೆಲಸ, ಕೇಳುವವರ ಗಮನ ಅರ್ಧ ಊಟದ ಕಡೆ. ಜನ ಏಳುತ್ತಿದ್ದಾರೆಂದು ಅವಸರ ಮಾಡಿದರೆ ಮಾತ್ರ ಕೆಟ್ಟಿತು.

ಒಂದು ಬ್ಲಾಕನ್ನು ಹತ್ತಿರದಿಂದ ನೋಡೋಣ. ಪಟ್ಟಿಯಲ್ಲಿ ಪರಮೇಶ್ವರಪ್ಪನವರ ಹೆಸರಿದೆ ಅಂತಿಟ್ಟುಕೊಳ್ಳಿ. ನೀವೆಲ್ಲ ಒಮ್ಮೆ ‘ಪ’ ಅನ್ನಲು ತುಟಿ ಕೂಡಿಸಿ, ಹಾಗೇ ಹಿಡಿಯಿರಿ. ಸಲೀಸಾದ ಮಾತಿನಲ್ಲಿ ತುಟಿ ಕೂಡುವುದು ಕಣ್ಣೆವೆ ಹೊಡೆಯುವಷ್ಟು ಹೊತ್ತೂ ಅಲ್ಲ. ಬ್ಲಾಕಿನಲ್ಲಿ ತುಟಿ ಬಿಗಿಯುತ್ತದೆ, ಅದರ ಹಿಂದೆ ಗಾಳಿ ಒತ್ತಿ ನಿಲ್ಲುತ್ತದೆ, ಎಷ್ಟೋ ಸಲ ಕೆಳಗೆ ಗಂಟಲಿನ ಬಾಗಿಲೂ ಮುಚ್ಚಿರುತ್ತದೆ. ‘ಪ ಬರ್ತಿಲ್ಲ’ ಅನ್ನುತ್ತಾರೆ. ಆದರೆ ‘ಪ್’ ಆಗಲೇ ಬಾಯಲ್ಲಿದೆ, ಬಾರದಿರುವುದು ಅದರ ಮುಂದಿನ ‘ಅ’. ನಮ್ಮ ಲಿಪಿಯಲ್ಲಿ ಇವೆರಡೂ ಸೇರಿ ಒಂದೇ ಅಕ್ಷರವಾದ್ದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಸಿಕ್ಕಿಕೊಂಡಿರುವುದು ವ್ಯಂಜನದಿಂದ ಸ್ವರಕ್ಕೆ ದಾಟುವ ಜಾಗದಲ್ಲಿ. ಹಾಗಾಗಿ ‘ಪ್’ ಮೇಲೆ ಎಷ್ಟು ತಳ್ಳಿದರೂ ಬಾಗಿಲು ಇನ್ನಷ್ಟು ಬಿಗಿಯುತ್ತದೆಯೇ ಹೊರತು ತೆರೆಯುವುದಿಲ್ಲ.

ಇದನ್ನು ಬಿಡಿಸಿಕೊಳ್ಳುವ ಕ್ರಮವನ್ನು ರೂಪಿಸಿದವರು ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ (1905–1994); ಅವರಿಗೇ ಉಗ್ಗು ಇತ್ತು. ಮೂರು ಹಂತ, ಕಲಿಯುವುದು ತಿರುಗುಮುರುಗಾಗಿ: ಬ್ಲಾಕ್ ಆದ ಮೇಲಿನದು ಮೊದಲು, ಬರುವ ಮುಂಚಿನದು ಕೊನೆಗೆ. ಮೊದಲನೆಯದರಲ್ಲಿ ಬ್ಲಾಕ್ ಬಂದು ಹೋಗಲಿ. ಹೇಗೋ ಒದ್ದಾಡಿ ‘ಪರಮೇಶ್ವರಪ್ಪ’ ಮುಗಿಸಿ. ಅಲ್ಲೇ ನಿಲ್ಲಿ. ಮೂರು ಸೆಕೆಂಡು. ಆ ಹೊತ್ತಿನಲ್ಲಿ ಎಲ್ಲಿ ಬಿಗಿದಿತ್ತು ಎಂದು ಬಾಯಿಯನ್ನೇ ಕೇಳಿ. ಆಮೇಲೆ ಅದೇ ಹೆಸರನ್ನು ತುಟಿ ಗಾಳಿಪಟದ ಕಾಗದದಷ್ಟು ಹಗುರಾಗಿ ತಾಗಿಸಿ, ಸ್ವರದೊಳಕ್ಕೆ ನಿಧಾನವಾಗಿ ಜಾರುತ್ತಾ ಮತ್ತೆ ಹೇಳಿ. ಎರಡನೆಯದರಲ್ಲಿ ಬ್ಲಾಕಿನ ನಡುವೆಯೇ ತಳ್ಳುವುದನ್ನು ನಿಲ್ಲಿಸಿ, ತುಟಿ ಸಡಿಲಿಸಿ, ಅಲ್ಲಿಂದಲೇ ಜಾರಿಕೊಂಡು ಹೊರಬರುವುದು. ಮೂರನೆಯದರಲ್ಲಿ, ಬ್ಲಾಕ್ ಬರುವ ಸುಳಿವು ಸಿಕ್ಕಾಗ ಮೊದಲೇ ಹಗುರಾಗಿ ಶುರು ಮಾಡುವುದು. ಎಲ್ಲರಿಗೂ ಮೂರನೆಯದರಿಂದಲೇ ಶುರು ಮಾಡುವ ಆಸೆ. ಹಾಗೆ ಮಾಡಿದವರಿಗೆ ಅದು ಉಗ್ಗನ್ನು ಮುಚ್ಚಿಡುವ ಇನ್ನೊಂದು ಉಪಾಯವಾಗಿ ಕೆಲವೇ ವಾರದಲ್ಲಿ ಸವೆದುಹೋಗುತ್ತದೆ. ಬೆರಳು ಚಿಟಿಕೆ ಹೊಡೆದು, ಕಾಲು ತಟ್ಟಿ ಮಾತು ಶುರು ಮಾಡುವ ಉಪಾಯಗಳ ಗತಿಯೂ ಇದೇ: ಮೊದಲ ವಾರ ಕೆಲಸ ಮಾಡುತ್ತವೆ, ಆಮೇಲೆ ಉಗ್ಗೂ ಉಳಿಯುತ್ತದೆ, ಚಿಟಿಕೆಯೂ ಉಳಿಯುತ್ತದೆ.

ಮೊದಲ ಹಂತದಲ್ಲಿ ಜನ ನುಂಗಿಹಾಕುವುದು ಆ ಮೂರು ಸೆಕೆಂಡನ್ನು. ಸಿಕ್ಕಿಬಿದ್ದ ಪದವನ್ನು ತಟ್ಟನೆ ಮತ್ತೆ ಹೇಳಿ ಓಡುತ್ತಾರೆ. ಅದರಿಂದ ಏನೂ ಕಲಿತಂತಾಗುವುದಿಲ್ಲ. ನಿಂತವರಿಗೆ ಮೂರು ಸೆಕೆಂಡು ಯುಗ, ಕೂತವರಿಗೆ ಅದು ಹೆಸರಿಗೆ ಕೊಟ್ಟ ಒತ್ತು. ಒಂದು ಭಾಷಣದಲ್ಲಿ ಮೂರೋ ನಾಲ್ಕೋ ಸಲ ಮಾಡಿದರೆ ಸಾಕು. ಪ್ರತಿ ಬ್ಲಾಕಿಗೂ ಮಾಡಲು ಹೋದರೆ ಹೇಳಬೇಕಾದ ವಿಷಯದ ಎಳೆಯೇ ತಪ್ಪುತ್ತದೆ.

ಉಸಿರಿನ ಬಗ್ಗೆ. ‘ಜೋರಾಗಿ ಉಸಿರು ಎಳೆದುಕೊಂಡು ಮಾತಾಡು’ ಎಂದು ಎಲ್ಲರೂ ಹೇಳುತ್ತಾರೆ. ಎದೆ ತುಂಬ ಎಳೆದುಕೊಂಡವರು ಅದನ್ನು ಒಳಗೇ ಹಿಡಿಯುತ್ತಾರೆ, ಹಿಡಿದ ಕೂಡಲೇ ಗಂಟಲು ಮುಚ್ಚುತ್ತದೆ, ಮಾತು ಮುಚ್ಚಿದ ಬಾಗಿಲಿನಿಂದ ಶುರುವಾಗುತ್ತದೆ. ಸಾಧಾರಣ ಉಸಿರು ಸಾಕು. ಗಾಳಿ ಒಂದಿಷ್ಟು ಹೊರಗೆ ಹರಿಯಲು ಶುರುವಾದ ಮೇಲೆ ದನಿ ಸೇರಿಸಿ. ನಮ್ಮ ಪದಗಳಿಗೆ ಬಾಲ ಉದ್ದ. ‘ಹೇಳಿಕೊಟ್ಟುಬಿಟ್ಟಿದ್ದಾರೆಂದು’ ಅನ್ನುವಷ್ಟರಲ್ಲಿ ಅರ್ಧ ಉಸಿರು ಹೋಗಿರುತ್ತದೆ. ಟಿಪ್ಪಣಿ ಕಾರ್ಡಿನಲ್ಲಿ ಮೂರು ನಾಲ್ಕು ಪದಕ್ಕೊಂದು ಓರೆಗೆರೆ ಹಾಕಿ, ಗೆರೆ ಬಂದಲ್ಲಿ ಗಾಳಿ ಮಿಕ್ಕಿದ್ದರೂ ನಿಲ್ಲಿ. ಪೂರ್ತಿ ಭಾಷಣ ಬರೆದು ಬಾಯಿಪಾಠ ಮಾಡಬೇಡಿ. ಬಾಯಿಪಾಠ ಮಾಡಿದವರಿಗೆ ಕಷ್ಟದ ಪದ ಎಷ್ಟನೇ ಸಾಲಿನಲ್ಲಿದೆ ಎಂದು ಮೊದಲೇ ಗೊತ್ತಿರುತ್ತದೆ, ಹತ್ತು ಸಾಲು ಮೊದಲೇ ಮೈ ಬಿಗಿಯುತ್ತದೆ.

ಮೈಕಿನದು ಸಣ್ಣ ವಿಷಯ, ಆದರೆ ಬಿಡುವ ಹಾಗಿಲ್ಲ. ಕೈಯಲ್ಲಿ ಹಿಡಿಯುವುದಕ್ಕಿಂತ ಸ್ಟ್ಯಾಂಡಿನ ಮೈಕು ವಾಸಿ, ಬ್ಲಾಕಿನಲ್ಲಿ ಮುಷ್ಟಿ ಬಿಗಿಯುವುದು ತಪ್ಪುತ್ತದೆ. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಅಂತರವಿರಲಿ. ದನಿ ಏರಿಸುವ ಕೆಲಸ ಮೈಕಿನದು, ನೀವು ತಳ್ಳಬೇಕಿಲ್ಲ. ಬ್ಲಾಕ್ ಬಂದಾಗ ಕಣ್ಣು ನೆಲಕ್ಕೆ ಹೋಗುತ್ತದೆ. ಆ ಹೊತ್ತಿನಲ್ಲೇ ಒಬ್ಬರ ಮುಖ ನೋಡುತ್ತಿರುವುದನ್ನು ಬೇರೆಯಾಗಿ ಅಭ್ಯಾಸ ಮಾಡಬೇಕು.

ಇನ್ನು ಮೊದಲ ಎರಡು ಸಾದಾ ವಾಕ್ಯ ಅಂದೆವಲ್ಲ, ಅವು ಇವೇ ಆಗಬಹುದು: ‘ನನಗೆ ಉಗ್ಗು ಇದೆ. ನಡುವೆ ಮಾತು ನಿಂತರೆ ಸ್ವಲ್ಪ ಕಾಯಿರಿ, ಪದ ನಾನೇ ಹೇಳ್ತೀನಿ.’ ಇದರಲ್ಲಿ ‘ದಯವಿಟ್ಟು ಕ್ಷಮಿಸಿ’ ಇಲ್ಲ ಎಂಬುದನ್ನು ಗಮನಿಸಿ. ಕ್ಷಮೆ ಕೇಳಿದರೆ ಸಭೆ ಅಯ್ಯೋ ಪಾಪ ಅನ್ನುತ್ತದೆ, ಸುಮ್ಮನೆ ಸಂಗತಿ ಹೇಳಿದರೆ ತಲೆಯಾಡಿಸಿ ವಿಷಯಕ್ಕೆ ಕಿವಿ ಕೊಡುತ್ತದೆ. ಹೇಳಿಬಿಟ್ಟ ಮೇಲೆ ಮುಚ್ಚಿಡಲು ಏನೂ ಉಳಿಯುವುದಿಲ್ಲ, ಮುಚ್ಚಿಡುವ ಶ್ರಮವೂ ತಪ್ಪುತ್ತದೆ. ಇದರ ಜತೆಗೆ ಮೊದಲ ನಿಮಿಷದಲ್ಲಿ ಭಯವಿಲ್ಲದ ಎರಡು ಮೂರು ಪದಗಳಲ್ಲಿ ಬೇಕೆಂತಲೇ, ಹಗುರಾಗಿ ಉಗ್ಗಿ: ನಾ-ನಾ-ನಾಳೆ. ಕೇಳಿದವರಿಗೆ ವಿಚಿತ್ರ ಅನ್ನಿಸುವ ಈ ಅಭ್ಯಾಸ ಬಹಳ ಹಳೆಯದು. ಯಾವುದು ಬಂದೀತೆಂದು ಹೆದರುತ್ತಿದ್ದಿರೋ ಅದನ್ನು ನೀವೇ ಕರೆದು ಕೂರಿಸಿದ್ದೀರಿ. ಬಿಗಿತವಿಲ್ಲದೆ ಮಾಡಬೇಕು, ಬಿಗಿದು ಮಾಡಿದರೆ ನಿಜವಾದ ಬ್ಲಾಕಿಗೆ ದಾರಿಯಾಗುತ್ತದೆ.

ಭಾಷಣ ಮುಗಿದ ಮೇಲೆ ಎಷ್ಟು ಸಲ ಉಗ್ಗಿದೆ ಎಂದು ಎಣಿಸಬೇಡಿ. ಉಗ್ಗು ಕಾರಣವಿಲ್ಲದೆ ಏರಿಳಿಯುತ್ತದೆ, ಅದೇ ಜನ, ಅದೇ ಭಾಷಣ, ಮಂಗಳವಾರ ಎಂಟು ಸಲ, ಗುರುವಾರ ನಲವತ್ತು ಸಲ. ಎಣಿಸಬೇಕಾದ್ದು ಬೇರೆ: ಎಷ್ಟು ಪದ ಬದಲಿಸಿದೆ, ಎಷ್ಟು ಸಲ ಕಣ್ಣು ತಪ್ಪಿಸಿದೆ, ಹೇಳಬೇಕೆಂದಿದ್ದ ಯಾವ ಮಾತನ್ನು ಹೆದರಿ ಬಿಟ್ಟೆ. ವಿಡಿಯೊ ಮಾಡಿದ್ದರೆ ಅದೇ ರಾತ್ರಿ ನೋಡಬೇಡಿ, ಒಂದು ದಿನ ಬಿಟ್ಟು ನೋಡಿ. ಅವತ್ತೇ ನೋಡಿದವರಿಗೆ ಉಗ್ಗಲ್ಲದೆ ಬೇರೇನೂ ಕಾಣುವುದಿಲ್ಲ. ಗೆಳೆಯರ ‘ಸೂಪರ್, ಇವತ್ತು ಒಂದು ಸಲವೂ ಉಗ್ಗಲಿಲ್ಲ’ ಎಂಬ ಹೊಗಳಿಕೆ ಬೈಗುಳಕ್ಕಿಂತ ಅಪಾಯ. ಮುಂದಿನ ಸಲವೂ ಉಗ್ಗಬಾರದು ಎಂಬ ಹೊರೆಯನ್ನು ಅದು ಹೊರಿಸಿ ಹೋಗುತ್ತದೆ.

ಇದೆಲ್ಲ ಎಲ್ಲರಿಗೂ ಅಲ್ಲ. ಶಾಲೆಗೆ ಸೇರುವ ಮುಂಚಿನ ಮಕ್ಕಳನ್ನು ವೇದಿಕೆ ಹತ್ತಿಸಿ ಉಗ್ಗು ಬಿಡಿಸಲು ಹೋಗಬೇಡಿ. ಅವರಿಗೆ ಬೇರೆ ಚಿಕಿತ್ಸೆಯಿದೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ನಮ್ಮ ಕೈಗೆ ಸಿಗುವಷ್ಟು ಹತ್ತಿರದಲ್ಲಿವೆ. ದೊಡ್ಡವರಲ್ಲಿ ಇದ್ದಕ್ಕಿದ್ದಂತೆ ಉಗ್ಗು ಶುರುವಾದರೆ, ಮುಖ್ಯವಾಗಿ ತಲೆಗೆ ಪೆಟ್ಟು ಬಿದ್ದ ಮೇಲೆ, ಮೊದಲು ವೈದ್ಯರನ್ನು ಕಾಣಬೇಕು. ಪದಗಳು ಒಂದರ ಮೇಲೊಂದು ಬಿದ್ದು ಅರ್ಧ ಅಕ್ಷರ ನುಂಗಿಹೋಗುವ ಗಡಿಬಿಡಿ ಮಾತು ಬೇರೆ ತೊಂದರೆ. ಅಂಥವರ ಮಾತು ವೇದಿಕೆಯ ಮೇಲೆ ಎಚ್ಚರದಿಂದ ಸುಧಾರಿಸಿ, ಮನೆಯಲ್ಲಿ ಕೆಡುತ್ತದೆ.

ಆರು ತಿಂಗಳು ಚೆನ್ನಾಗಿ ಹೋಗಿ ಒಂದು ದಿನ ಎಲ್ಲ ವಾಪಸ್ ಬಂದಂತಾಗುವುದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಪರೀಕ್ಷೆ, ಹೊಸ ಕೆಲಸ, ನಿದ್ದೆಗೆಟ್ಟ ವಾರ, ಇಲ್ಲವೇ ಏನೂ ಇಲ್ಲ. ಅಂಥ ಹೊತ್ತಿನಲ್ಲಿ ಭಾಷಣ ಮುಂದೂಡಬೇಡಿ, ಚಿಕ್ಕದು ಮಾಡಿಕೊಳ್ಳಿ. ಎರಡು ಮೆಟ್ಟಿಲು ಇಳಿದು ಟೈಮರ್ ವರದಿಗೆ ಬನ್ನಿ, ಮೂರು ಸೆಕೆಂಡಿನ ಹಂತಕ್ಕೆ ಮರಳಿ.

ಇವತ್ತಿನ ವಂದನಾರ್ಪಣೆಯ ಪಟ್ಟಿಯಲ್ಲಿ ಆರು ಹೆಸರುಗಳಿವೆ, ಎರಡು ‘ಪ’ದಿಂದಲೇ ಶುರು. ಯಾರು ಓದುತ್ತಾರೆ ಎಂದು ಇನ್ನೂ ಗೊತ್ತುಮಾಡಿಲ್ಲ. ಮೈಕು ಸ್ಟ್ಯಾಂಡಿನಲ್ಲೇ ಇದೆ.